ಮೈಸೂರು ಆಕಾಶವಾಣಿ: ಕೇಳುವವರಿಗೆ, ಒಳಗೆ ಹೋಗಬೇಕು ಅನ್ನುವವರಿಗೆ

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಪಾಂಡವಪುರದ ಹತ್ತಿರದ ಹಳ್ಳಿ ನಮ್ಮದು. ಅಡುಗೆಮನೆಯ ಗೂಡಿನಲ್ಲಿ ಅವ್ವನ ರೇಡಿಯೋ ಇದೆ. ಏರಿಯಲ್ ಮುರಿದು ಎಷ್ಟೋ ದಿನವಾಗಿತ್ತು. ಗೊರಗೊರ ಸದ್ದಿನ ಮಧ್ಯೆ ಅವ್ವ ಕಿವಿಯನ್ನು ರೇಡಿಯೋಗೆ ಅಂಟಿಸಿಕೊಂಡು ನಿಂತಿದ್ದಳು.

"ಕಟ್ಟೆ ಎಸ್ಟಡಿಗೆ ಬಂದದಂತವ್ವಾ? ನಂಗೊಂದೂ ಕೇಳುಸ್ನಿಲ್ಲ" ಅಂದಳು.

ಮಂಡ್ಯ ಕಡೆಯವರಿಗೆ ಕಟ್ಟೆ ಅಂದರೆ ಒಂದೇ, ಕನ್ನಂಬಾಡಿ ಕಟ್ಟೆ. ನೀರು 124.80 ಅಡಿ ಮುಟ್ಟಿದರೆ ನಮಗೆ ಹಬ್ಬ. ಆ ಸುದ್ದಿಯೇ ಅವ್ವನಿಗೆ ಕೇಳಿಸುತ್ತಿರಲಿಲ್ಲ. ಒಂದು ಎರಡೂವರೆ ಅಡಿ ತಂತಿ ಹುಡುಕಿ ಮುರಿದ ಏರಿಯಲ್‌ನ ಬುಡಕ್ಕೆ ಸುತ್ತಿದೆ. ಕಿಟಕಿಯ ಸರಳಿಗೆ ತಾಗದ ಹಾಗೆ ಮೇಲಕ್ಕೆ ಎತ್ತಿ ಕಟ್ಟಿದೆ. ಗೊರಗೊರ ನಿಂತಿತು. ಪಕ್ಕದ ಕೋಣೆಯಲ್ಲಿ ಕೂತು ಯಾರೋ ಮಾತಾಡಿದಷ್ಟು ಸ್ಪಷ್ಟವಾಗಿ ಧ್ವನಿ ಬಂತು.

ಆಮೇಲೆ ಊರಿನಲ್ಲಿ ಒಬ್ಬೊಬ್ಬರೇ ಬಂದು ಕೇಳತೊಡಗಿದರು. ನಮ್ಮ ಮನೆಯದ್ದೂ ಸರಿ ಮಾಡ್ತೀಯಾ? ನನ್ನ ಮಗಳು ಹಾಡ್ತಾಳೆ, ರೇಡಿಯೋದಲ್ಲಿ ಹಾಡಿಸೋಕೆ ಯಾರನ್ನು ಹಿಡಿಯಬೇಕು? ನಾನೊಂದು ಕಾಗದ ಬರೆದರೆ ಅವರು ಓದ್ತಾರಾ? ಯಾರನ್ನೂ "ಹಿಡಿಯಬೇಕಾಗಿಲ್ಲ". ಅದನ್ನು ಹೇಳಲಿಕ್ಕೇ ಈ ಬರಹ. ಮೈಸೂರು ಆಕಾಶವಾಣಿಯ ಬಾಗಿಲು ತೆರೆದೇ ಇದೆ. ಯಾವ ಬಾಗಿಲು ಯಾವುದಕ್ಕೆ ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲು ಒಂದಿಷ್ಟು ಹಿಂದಿನ ಕಥೆ

ಈ ಕಥೆ ಗೊತ್ತಿದ್ದರೆ ನಿಲಯದ ಗೇಟಿನ ಮುಂದೆ ಹಿಂಜರಿಕೆ ಆಗುವುದಿಲ್ಲ.

1935ರ ಸೆಪ್ಟೆಂಬರ್ 10. ಮೈಸೂರಿನ ಒಂಟಿಕೊಪ್ಪಲಿನಲ್ಲಿ 'ವಿಠಲ ವಿಹಾರ' ಅಂತ ಒಂದು ಮನೆ. ಮನೆಯ ಯಜಮಾನರು ಡಾ. ಎಂ.ವಿ. ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಓದಿ ಬಂದು, 1924ರಲ್ಲಿ ಆ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನೇ ಕಟ್ಟಿದವರು. ಅವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದರು. ಸರ್ಕಾರ ಹೇಳಿದ್ದಕ್ಕಲ್ಲ, ಲಾಭಕ್ಕಲ್ಲ. ಸುತ್ತಮುತ್ತಲ ಜನ ನಾಲ್ಕು ಒಳ್ಳೆಯ ಮಾತು, ನಾಲ್ಕು ಒಳ್ಳೆಯ ಹಾಡು ಕೇಳಲಿ ಅಂತ. ಮೊದಲ ಪ್ರಸಾರದಲ್ಲಿ ಕುವೆಂಪು ಕವಿತೆ ಓದಿದರು ಅಂತ ಮೈಸೂರಿನವರು ಈಗಲೂ ನೆನೆಯುತ್ತಾರೆ.

ಆ ಮನೆಯ ಬಾನುಲಿಗೆ ಇಟ್ಟ ಹೆಸರು 'ಆಕಾಶವಾಣಿ'. ಹೆಸರು ಸೂಚಿಸಿದವರು ನಾ. ಕಸ್ತೂರಿ ಅನ್ನುವ ಮಾತಿದೆ. ಅವರೂ ಮಹಾರಾಜ ಕಾಲೇಜಿನ ಮೇಷ್ಟ್ರೇ. ಆಗ ದೆಹಲಿಯವರ ಬಾನುಲಿಗೆ 'ಆಲ್ ಇಂಡಿಯಾ ರೇಡಿಯೋ' ಅನ್ನುವ ಹೆಸರೂ ಬಂದಿರಲಿಲ್ಲ. ಅದು ಬಂದದ್ದು 1936ರ ಜೂನ್‌ನಲ್ಲಿ. ಮುಂದೆ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಮೈಸೂರಿನ ಹೆಸರನ್ನೇ ತನ್ನದು ಮಾಡಿಕೊಂಡಿತು. 2023ರಲ್ಲಂತೂ 'ಆಲ್ ಇಂಡಿಯಾ ರೇಡಿಯೋ' ಅನ್ನುವುದನ್ನು ಬಿಟ್ಟು 'ಆಕಾಶವಾಣಿ' ಅಂತಲೇ ಹೇಳಬೇಕು ಅಂತ ಆದೇಶವಾಯಿತು. ಒಂಟಿಕೊಪ್ಪಲಿನ ಒಂದು ಮನೆಯ ಹೆಸರು ಅದು. ನೆನೆದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಮನೆಯ ಕೆಲಸ ಮನೆಯಲ್ಲೇ ಎಷ್ಟು ದಿನ ನಡೆದೀತು? 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಹೆಸರು ಕೊಟ್ಟ ಊರಿನಲ್ಲೇ 19 ವರ್ಷ ನಿಲಯ ಇರಲಿಲ್ಲ. 1974ರ ನವೆಂಬರ್‌ನಲ್ಲಿ ಮತ್ತೆ ಬಂತು. ಈಗಿನ ನಿಲಯ ಯಾದವಗಿರಿಯಲ್ಲಿದೆ. ಗೋಪಾಲಸ್ವಾಮಿಯವರ ಮನೆ ಇದ್ದ ಜಾಗಕ್ಕೆ ಅಲ್ಲಿಂದ ಕೂಗಳತೆ ದೂರ.

1997ರಿಂದ ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿಯ ಕೆಳಗಿವೆ. 'ಬಹುಜನ ಹಿತಾಯ ಬಹುಜನ ಸುಖಾಯ' ಅನ್ನುವುದು ಆಕಾಶವಾಣಿಯ ಧ್ಯೇಯವಾಕ್ಯ. ಬಹುಜನ ಅಂದರೆ ನಾವೇ ಅಲ್ವಾ?

ನಿಲಯ ಹಿಡಿಯುವುದು

ಮೈಸೂರು ಆಕಾಶವಾಣಿ ಎಫ್‌ಎಂನಲ್ಲಿ 100.6 ಮೆಗಾಹರ್ಟ್ಸ್. ಮುಳ್ಳು ತಿರುಗಿಸುವ ಹಳೇ ಸೆಟ್ಟಾದರೆ 100 ದಾಟಿ ಒಂದು ಕೂದಲಷ್ಟು ಮುಂದೆ ಹೋಗಿ ನಿಲ್ಲಿಸಿ. ಅಂಕಿ ತೋರಿಸುವ ಸೆಟ್ಟಾದರೆ 100.6 ಹಾಕಿ, ಒಂದು ಬಟನ್‌ನಲ್ಲಿ ಉಳಿಸಿಬಿಡಿ. ವಯಸ್ಸಾದವರ ಸೆಟ್ಟಿಗೆ ಆ ಜಾಗದಲ್ಲಿ ಉಗುರುಬಣ್ಣದ ಒಂದು ಚುಕ್ಕೆ ಇಡಿ. ಅವ್ವನ ರೇಡಿಯೋಗೆ ನಾನು ಕೆಂಪು ಚುಕ್ಕೆ ಇಟ್ಟಿದ್ದೇನೆ. ಮೊಮ್ಮಕ್ಕಳು ತಿರುಗಿಸಿ ಹಾಳು ಮಾಡಿದರೂ ಅವಳೇ ಮತ್ತೆ ಹಿಡಿಯುತ್ತಾಳೆ.

ಎಫ್‌ಎಂ ಅಲೆ ಹೆಚ್ಚು ಕಡಿಮೆ ನೇರಕ್ಕೆ ಹೋಗುತ್ತದೆ. ನಡುವೆ ಗುಡ್ಡವೋ ಎತ್ತರದ ಕಟ್ಟಡವೋ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಗುಡ್ಡದ ಮರೆಯ ಕೆಲವು ಹಳ್ಳಿಗಳಲ್ಲಿ ಧ್ವನಿ ಬಂದು ಹೋಗಿ ಮಾಡುವುದು ಅದಕ್ಕೇ. ಅಂಥ ಕಡೆ ರೇಡಿಯೋವನ್ನು ಮೈಸೂರಿನ ಕಡೆಯ ಕಿಟಕಿಯ ಹತ್ತಿರ ಇಡಿ. ಕಬ್ಬಿಣದ ಬೀರು, ತಗಡಿನ ಚಾವಣಿ, ಫ್ರಿಜ್ಜು ಇವುಗಳಿಂದ ದೂರವಿರಲಿ. ಸಾಧ್ಯವಾದರೆ ಎತ್ತರದಲ್ಲಿಡಿ. ಮನೆಯೊಳಗೆ ಎರಡೇ ಅಡಿ ಜರುಗಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಏರಿಯಲ್ ಮುರಿದಿದ್ದರೆ ಹೊಸ ಸೆಟ್ಟು ತರಬೇಡಿ. 100.6ರ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗದಷ್ಟು ತಂತಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಅಂದರೆ ಸುಮಾರು 75 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಅಡಿ. ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ತಗೊಳ್ಳಿ. ಒಂದು ತುದಿಯ ಪ್ಲಾಸ್ಟಿಕ್ ಸುಲಿದು ಏರಿಯಲ್‌ನ ಮೋಟಿಗೆ ಬಿಗಿಯಾಗಿ ಸುತ್ತಿ. ಇನ್ನೊಂದು ತುದಿ ನೇರ ಮೇಲಕ್ಕೆ ಇರಲಿ. ಅಷ್ಟೇ ಕೆಲಸ. ನನ್ನ ಹಳೇ ಸೆಟ್ಟನ್ನು ಒಮ್ಮೆ ರಿಪೇರಿಗೆ ಕೊಟ್ಟಿದ್ದೆ. ಬರೀ ಏರಿಯಲ್ ಹೋಗಿದ್ದಕ್ಕೆ "ಒಳಗಿನ ಬೋರ್ಡೇ ಹೋಗಿದೆ" ಅಂತ ಹೇಳಿ ವಾಪಸ್ ಕೊಟ್ಟರು. ಮನೆಗೆ ತಂದು ಒಂದು ತಂತಿ ಕಟ್ಟಿದೆ, ಇವತ್ತಿಗೂ ಹಾಡುತ್ತಿದೆ.

ಎಫ್‌ಎಂ ಇರುವ ಮೊಬೈಲ್ ಫೋನಿಗೆ ಇಯರ್‌ಫೋನ್ ವೈರೇ ಏರಿಯಲ್. ಅದನ್ನು ಸಿಕ್ಕಿಸದೆ ನಿಲಯ ಬರುವುದಿಲ್ಲ. ವೈರನ್ನು ಸುರುಳಿ ಸುತ್ತಿಡದೆ ಇಳಿಬಿಡಿ. ಧ್ವನಿ ಸ್ಪೀಕರ್‌ನಿಂದಲೇ ಬೇಕಾದರೆ ಇಯರ್‌ಫೋನ್ ಸಿಕ್ಕಿಸಿಯೇ ಸ್ಪೀಕರ್ ಬಟನ್ ಒತ್ತಿ.

ಇನ್ನು ಮೀಡಿಯಂ ವೇವ್. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಇದೆ. ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆ ಹಳಬರು ಇದನ್ನೇ ಕೇಳಿಕೊಂಡು ಬಂದವರು. ಇದಕ್ಕೆ ಹೊರಗಿನ ಏರಿಯಲ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಸೆಟ್ಟಿನ ಒಳಗೆ ಉದ್ದಕ್ಕೂ ಒಂದು ಕಪ್ಪು ಕಡ್ಡಿ ಇರುತ್ತದೆ, ಫೆರೈಟ್ ಅಂತಾರೆ, ಅದರ ಮೇಲೆ ತಂತಿ ಸುತ್ತಿರುತ್ತಾರೆ. ಅಲೆ ಹಿಡಿಯುವುದು ಅದು. ಆದ್ದರಿಂದ ಸೆಟ್ಟನ್ನೇ ನಿಧಾನ ತಿರುಗಿಸಿ. ಸೆಟ್ಟಿನ ಮುಖವೋ ಬೆನ್ನೋ ಬೆಂಗಳೂರಿನ ಕಡೆಗೆ ಬಂದಾಗ ಧ್ವನಿ ಗಟ್ಟಿಯಾಗುತ್ತದೆ, ಪಕ್ಕೆ ಆ ಕಡೆಗೆ ಬಂದಾಗ ಕ್ಷೀಣವಾಗುತ್ತದೆ.

ಮೀಡಿಯಂ ವೇವ್‌ನಲ್ಲಿ ಜುಂಯ್ ಅನ್ನುವ ಸದ್ದು ಬಂದರೆ ನಿಲಯವನ್ನು ಬೈಯಬೇಡಿ. ಬಹುಪಾಲು ಅದು ನಮ್ಮ ಮನೆಯದ್ದೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇವು ಆ ಸದ್ದು ಮಾಡುತ್ತವೆ. ಒಂದೊಂದನ್ನೇ ಆರಿಸಿ ನೋಡಿ, ಕಳ್ಳ ಸಿಗುತ್ತಾನೆ. ಕರೆಂಟು ಹೋದಾಗ ಸೆಲ್ಲಿನ ರೇಡಿಯೋ ಹಾಕಿ ಕೇಳಿ. ಇಡೀ ಬೀದಿ ಕತ್ತಲಾಗಿ, ಧ್ವನಿ ತಿಳಿನೀರಿನ ಹಾಗೆ ಬರುತ್ತದೆ. ನನಗೆ ಅತಿ ಇಷ್ಟದ ಕ್ಷಣ ಅದು.

ಸೆಲ್ಲಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ರೇಡಿಯೋ ಸುಮ್ನೆ ಇಟ್ಟಿದ್ದರೆ ಸೆಲ್ಲು ತೆಗೆದಿಡಿ. ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹಿಡಿದಿದ್ದರೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ.

ರೇಡಿಯೋನೇ ಇಲ್ಲದವರಿಗೆ 'ನ್ಯೂಸ್ ಆನ್ ಏರ್' ಆ್ಯಪ್ ಇದೆ. ಪ್ರಸಾರ ಭಾರತಿ 2024ರಲ್ಲಿ ತಂದ 'ವೇವ್ಸ್' ಇದೆ. ಅವುಗಳಲ್ಲಿ ಆಕಾಶವಾಣಿಯ ನಿಲಯಗಳನ್ನು ದೇಶದ ಯಾವ ಮೂಲೆಯಿಂದಾದರೂ ಕೇಳಬಹುದು. ಆದರೆ ಇಂಟರ್ನೆಟ್‌ನಲ್ಲಿ ಬರುವ ಧ್ವನಿ ರೇಡಿಯೋಗಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ಗಡಿಯಾರ ಸರಿಮಾಡಿಕೊಳ್ಳುವವರು ರೇಡಿಯೋದ ಪಿಪ್ ಪಿಪ್ ಸದ್ದನ್ನೇ ನಂಬಿ.

ಒಂದು ವಾರ ಕೇಳಿ, ಬರೆದಿಡಿ

ಬಹಳ ಜನ ಮಾಡುವ ತಪ್ಪು ಅಂದರೆ ಯಾವಾಗಲೋ ಹಾಕುವುದು, ಬೇಕಾದ್ದು ಸಿಗಲಿಲ್ಲ ಅಂತ ಆರಿಸುವುದು. ಆಕಾಶವಾಣಿ ಊಟದ ಎಲೆಯ ಹಾಗೆ. ಯಾವುದು ಯಾವಾಗ ಬಡಿಸುತ್ತಾರೆ ಗೊತ್ತಿರಬೇಕು.

ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಏಳು ದಿನಕ್ಕೆ ಏಳು ಪುಟ. ರೇಡಿಯೋ ಹಾಕಿದಾಗಲೆಲ್ಲ ಹೊತ್ತು, ಕಾರ್ಯಕ್ರಮದ ಹೆಸರು, ಹೇಳಿದ ವಿಳಾಸ ಅಥವಾ ಫೋನ್ ನಂಬರ್ ಬರೆಯಿರಿ. ದಿನದ ಕಾರ್ಯಕ್ರಮಗಳ ವಿವರವನ್ನು ಬೆಳಿಗ್ಗೆಯೇ ಓದುತ್ತಾರೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಒಂದು ವಾರದಲ್ಲಿ ನಿಮ್ಮದೇ ವೇಳಾಪಟ್ಟಿ ಸಿದ್ಧ. ಇದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ.

ಬೆಳಗಿನ ಹೊತ್ತನ್ನು ಮಾತ್ರ ಪೂರ್ತಿ ಒಂದು ದಿನ ಕೇಳಿ ನೋಡಿ. ಮೊದಲು ಆ ತಂಬೂರಿ, ಪಿಟೀಲಿನ ಸಂಕೇತ ರಾಗ. 1930ರ ದಶಕದಲ್ಲಿ ವಾಲ್ಟರ್ ಕೌಫ್‌ಮನ್ ಅನ್ನುವವರು ಅದನ್ನು ಕಟ್ಟಿದರು. ಹಿಟ್ಲರನ ಕಾಟಕ್ಕೆ ಯುರೋಪು ಬಿಟ್ಟು ಮುಂಬೈಗೆ ಬಂದಿದ್ದ ಯಹೂದಿ ಸಂಗೀತಗಾರ. ನೆಲೆ ಕಳೆದುಕೊಂಡು ಬಂದ ಒಬ್ಬರ ರಾಗಕ್ಕೆ ನಮ್ಮ ಮನೆಗಳಲ್ಲಿ ಮೂರು ತಲೆಮಾರು ಎದ್ದು ಒಲೆ ಹಚ್ಚಿದೆ. ಆಮೇಲೆ ವಂದೇ ಮಾತರಂ, ಮಂಗಳ ವಾದ್ಯ, ಭಕ್ತಿಗೀತೆ, ಚಿಂತನ. 6.55ಕ್ಕೆ ಸಂಸ್ಕೃತ ವಾರ್ತೆ. ಅರ್ಥವಾಗದವರಿಗೂ "ಇಯಂ ಆಕಾಶವಾಣೀ" ಬಾಯಿಪಾಠ. ಸಂಸ್ಕೃತದ ದಿನಪತ್ರಿಕೆಯನ್ನು 1970ರಿಂದ ಹೊರಡಿಸಿದ ಊರು ಮೈಸೂರು. ಇಲ್ಲಿನ ಕೆಲವು ಮನೆಗಳಲ್ಲಿ ಆ ವಾರ್ತೆಗೆ ಈಗಲೂ ಕಿವಿಗೊಡುತ್ತಾರೆ.

ಕಾಗದ ಬರೆಯುವುದು

ಸುಲಭದ ಬಾಗಿಲು ಇದು. ಆದರೂ ನನ್ನ ಮೊದಲ ಕಾಗದ ಪ್ರಸಾರವಾಗಲಿಲ್ಲ. ಆಗ ನಾನು ಏಳನೇ ಕ್ಲಾಸು. ಹಾಡಿನ ಮೊದಲ ಸಾಲು ಬರೆದಿದ್ದೆ, ಚಿತ್ರದ ಹೆಸರು ಬರೆದಿರಲಿಲ್ಲ. ಯಾವ ಕಾರ್ಯಕ್ರಮಕ್ಕೆ ಅಂತಲೂ ಬರೆದಿರಲಿಲ್ಲ. ಎರಡು ವಾರ ಸಂಜೆಯೆಲ್ಲ ಕಾದೆ. ಆಮೇಲೆ ಶಾಲೆಯ ಮೇಷ್ಟ್ರು ಹೇಗೆ ಬರೆಯಬೇಕು ಅಂತ ತೋರಿಸಿಕೊಟ್ಟರು. ಎರಡನೇ ಕಾರ್ಡಿಗೆ ನನ್ನ ಹೆಸರು ಬಂತು. ಅವ್ವ ಒಲೆ ಮುಂದಿನಿಂದ ಎದ್ದು ಬಂದು, ಮುಗಿಯುವವರೆಗೂ ಕೈಯಲ್ಲಿ ಊದುಕೊಳವೆ ಹಿಡಿದೇ ನಿಂತಿದ್ದಳು.

ಮೇಷ್ಟ್ರು ಕಲಿಸಿದ್ದು ಇಷ್ಟು. ಅಂಚೆ ಕಾರ್ಡಿನ ತಲೆಯ ಮೇಲೆ ಕಾರ್ಯಕ್ರಮದ ಹೆಸರು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ನಿಮ್ಮ ಹೆಸರು, ಊರು, ತಾಲ್ಲೂಕು. ಆಮೇಲೆ ವಿಷಯ. ಹಾಡಾದರೆ ಮೊದಲ ಸಾಲು, ಚಿತ್ರ, ಗೊತ್ತಿದ್ದರೆ ಹಾಡಿದವರು. ಅಭಿಪ್ರಾಯವಾದರೆ ಯಾವ ದಿನದ ಯಾವ ಕಾರ್ಯಕ್ರಮ ಅನ್ನುವುದು ಮೊದಲು, ಮೆಚ್ಚಿದ್ದೋ ಮೆಚ್ಚದ್ದೋ ಆಮೇಲೆ. ಹೆಸರುಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಓದುವವರು ಮೈಕಿನ ಮುಂದೆ ಕೂತು ಓದುತ್ತಾರೆ, ಅಕ್ಷರ ಗೊತ್ತಾಗದಿದ್ದರೆ ತೊದಲಬೇಕಾಗುತ್ತದೆ. ಮನೆಮಂದಿಯ ಹೆಸರು ಹತ್ತು ಹದಿನೈದು ಬರೆಯಬೇಡಿ. ನಾಲ್ಕು ಸಾಕು.

ವಿಳಾಸ: ನಿಲಯದ ಮುಖ್ಯಸ್ಥರು, ಆಕಾಶವಾಣಿ, ಯಾದವಗಿರಿ, ಮೈಸೂರು 570020.

ದೂರು ಬರೆಯಲೂ ಹಿಂಜರಿಯಬೇಡಿ. ನಮ್ಮ ಹಳ್ಳಿಯಲ್ಲಿ ಸರಿಯಾಗಿ ಕೇಳುತ್ತಿಲ್ಲ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಧ್ವನಿ ಹೋಗಿತ್ತು ಅಂತ ಹೊತ್ತು ಸಮೇತ ಬರೆದರೆ ನಿಲಯದ ಎಂಜಿನಿಯರ್‌ಗಳಿಗೆ ಅದೇ ಉಪಕಾರ. ಸುಮ್ನೆ "ಸರಿ ಇಲ್ಲ" ಅಂದರೆ ಅವರು ಏನು ಮಾಡಬೇಕು?

ಫೋನ್‌ಇನ್ ಕಾರ್ಯಕ್ರಮಕ್ಕೆ ಹೆಚ್ಚು ಹೇಳುವುದಿಲ್ಲ. ಲೈನ್ ಸಿಕ್ಕ ತಕ್ಷಣ ಪಕ್ಕದ ರೇಡಿಯೋ ಆರಿಸಿ, ಇಲ್ಲದಿದ್ದರೆ ನಿಮ್ಮ ಧ್ವನಿಯೇ ಸುತ್ತಿ ಬಂದು ಕೂಗುತ್ತದೆ. ಪ್ರಶ್ನೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರ ಕಾರ್ಯಕ್ರಮವಾದರೆ ವಯಸ್ಸು, ಎಷ್ಟು ದಿನದಿಂದ, ಯಾವ ಮಾತ್ರೆ ಅನ್ನುವುದೂ ಚೀಟಿಯಲ್ಲಿರಲಿ.

ರೈತರಿಗೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮಪ್ಪ ಕಬ್ಬು, ಭತ್ತ ಬೆಳೆದವರು.

ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಿಗೆ ದೊಡ್ಡ ಹಿನ್ನೆಲೆ ಇದೆ. 1960ರ ದಶಕದ ಬರಗಾಲದ ನಂತರ ಹೊಸ ತಳಿ, ಹೊಸ ಗೊಬ್ಬರದ ವಿಷಯವನ್ನು ಹಳ್ಳಿಗೆ ಮುಟ್ಟಿಸಿದ್ದು ರೇಡಿಯೋ. ತಮಿಳುನಾಡಿನ ತಂಜಾವೂರಿನ ಕಡೆ ಒಂದು ಭತ್ತದ ತಳಿಗೆ 'ರೇಡಿಯೋ ಭತ್ತ' ಅಂತಲೇ ಹೆಸರು ಬಂತು. ಅಲ್ಲಿನ ರೈತರು ರೇಡಿಯೋ ಕೇಳಿಯೇ ಅದನ್ನು ಬೆಳೆದಿದ್ದು. ನಮ್ಮ ಕಡೆ ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬು, ಭತ್ತ, ರಾಗಿಯ ಸಂಶೋಧನೆ ನಡೆಯುತ್ತದೆ. ಅಂಥ ಕೇಂದ್ರದ ವಿಜ್ಞಾನಿಗಳ ಮಾತು ನಾಲೆ ಬಯಲಿನ ರೈತರಿಗೆ ರೇಡಿಯೋದಿಂದ ಸಿಗುತ್ತದೆ.

ಇದನ್ನು ಪೂರ್ತಿ ಉಪಯೋಗಿಸಿಕೊಳ್ಳಬೇಕಾದರೆ ಹೀಗೆ ಮಾಡಿ. ಕಾರ್ಯಕ್ರಮದ ಹೊತ್ತಿಗೆ ಪೆನ್ನು ಕೈಯಲ್ಲಿರಲಿ. ಔಷಧದ ಹೆಸರು, ಒಂದು ಲೀಟರ್ ನೀರಿಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಈ ಮೂರನ್ನು ಬರೆಯಿರಿ. ಅಳತೆ ಕಿವಿಯಲ್ಲಿ ನಿಲ್ಲುವುದಿಲ್ಲ. 2 ಮಿಲಿ ಅಂದದ್ದು 20 ಆಗಿಬಿಟ್ಟರೆ ಬೆಳೆ ಸುಟ್ಟು ಹೋಗುತ್ತದೆ. ಸಂಶಯ ಬಂದರೆ ರೈತರ ಸಹಾಯವಾಣಿ 1800-180-1551ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು. ನೀವೇ ಏನಾದರೂ ಹೊಸದು ಮಾಡಿ ಗೆದ್ದಿದ್ದರೆ ಕೃಷಿ ವಿಭಾಗಕ್ಕೆ ಒಂದು ಪುಟದ ಕಾಗದ ಬರೆಯಿರಿ. ಎಷ್ಟು ಗುಂಟೆ, ಏನು ಖರ್ಚು, ಏನು ಬಂತು, ಎಲ್ಲಿ ಎಡವಿದಿರಿ. ರೈತರನ್ನು ನಿಲಯಕ್ಕೆ ಕರೆಸಿಯೂ, ಹೊಲಕ್ಕೇ ಬಂದೂ ಮಾತಾಡಿಸುತ್ತಾರೆ. ಮೈಕು ಕಂಡ ತಕ್ಷಣ ಪುಸ್ತಕದ ಕನ್ನಡಕ್ಕೆ ಹೋಗಬೇಡಿ. "ನಾಟಿ ಹಾಕುದ್ವಿ, ನೀರು ಕಟ್ಟುದ್ವಿ" ಅನ್ನುವ ನಿಮ್ಮ ಮಾತೇ ಇನ್ನೊಬ್ಬ ರೈತನಿಗೆ ನಾಟುವುದು.

ಹಾಡುವವರಿಗೆ, ನುಡಿಸುವವರಿಗೆ

ಇದಕ್ಕೆ ಧ್ವನಿ ಪರೀಕ್ಷೆ ಇದೆ, ಆಡಿಷನ್. ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಜಾನಪದ ಬೇರೆಬೇರೆ. ಅರ್ಜಿ ಕರೆದಾಗ ರೇಡಿಯೋದಲ್ಲೇ ಹೇಳುತ್ತಾರೆ. ನಿಲಯಕ್ಕೆ ಹೋಗಿ ಸಂಗೀತ ವಿಭಾಗದಲ್ಲಿ ಅರ್ಜಿ ಯಾವಾಗ, ಶುಲ್ಕ ಎಷ್ಟು ಅಂತ ಕೇಳಿ. ಅರ್ಜಿಯ ಜೊತೆ ನೀವು ಹಾಡುವ ಕೃತಿಗಳ ಪಟ್ಟಿ ಕೊಡಬೇಕು. ಶಾಸ್ತ್ರೀಯಕ್ಕೆ ರಾಗ, ತಾಳ, ವಾಗ್ಗೇಯಕಾರರ ಹೆಸರು. ಭಾವಗೀತೆಗೆ ಕವಿಯ ಹೆಸರು. ಪಟ್ಟಿಯಲ್ಲಿ ಜಂಬಕ್ಕೆ ಅಂತ ಒಂದನ್ನೂ ಸೇರಿಸಬೇಡಿ. ಅದರಲ್ಲಿ ಯಾವುದನ್ನು ಬೇಕಾದರೂ ಹಾಡಿ ಅನ್ನಬಹುದು.

ಯಾರ ಶಿಫಾರಸೂ ಬೇಡ ಅಂದೆನಲ್ಲ, ಅದಕ್ಕೆ ಕಾರಣ ಇದೆ. 1952ರಿಂದ ಹತ್ತು ವರ್ಷ ವಾರ್ತಾ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಈ ಪರೀಕ್ಷೆ ಗಟ್ಟಿಯಾಯಿತು. ಹಾಡುವವರು ಯಾರು ಅಂತ ತೀರ್ಪುಗಾರರಿಗೆ ಕಾಣದ ಹಾಗೆ ಕೇಳುವ ಪದ್ಧತಿ ಬಂತು. ಮುಖವಿಲ್ಲ, ಹೆಸರಿಲ್ಲ, ಧ್ವನಿ ಮಾತ್ರ. ದೊಡ್ಡ ವಿದ್ವಾಂಸರು ಕೆಲವರು ನಮಗೂ ಪರೀಕ್ಷೆಯೇ ಅಂತ ಮುನಿಸಿಕೊಂಡರು. ಅದೇ ಕೇಸ್ಕರ್ ಸಿನಿಮಾ ಹಾಡುಗಳನ್ನು ದೂರ ಇಟ್ಟರು. ಜನ ಸಿನಿಮಾ ಹಾಡು ಕೇಳಲು ಶ್ರೀಲಂಕಾದ ರೇಡಿಯೋ ಸಿಲೋನಿಗೆ ತಿರುಗಿದರು. ಕೊನೆಗೆ 1957ರಲ್ಲಿ ಸಿನಿಮಾ ಹಾಡು ಹಾಕುವ ಆಕಾಶವಾಣಿಯದೇ ವಿವಿಧ ಭಾರತಿ ಬಂತು. ಸಿನಿಮಾ ಹಾಡು ಬೇಡ ಅಂದದ್ದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಮುಖ ನೋಡದೆ ಧ್ವನಿ ಕೇಳುವ ಆ ಪದ್ಧತಿಗೆ ಕೈಮುಗಿಯಬೇಕು.

ತೇರ್ಗಡೆಯಾದರೆ ದರ್ಜೆ ಸಿಗುತ್ತದೆ. ಬಿ, ಬಿ ಹೈ, ಎ, ಮೇಲೆ ಎ ಟಾಪ್. ದರ್ಜೆ ಸಿಕ್ಕವರಿಗೆ ನಿಲಯದಿಂದ ಹಾಡುವ ಅವಕಾಶ, ಸಂಭಾವನೆ ಎರಡೂ ಬರುತ್ತವೆ. 16ರಿಂದ 24 ವರ್ಷದವರಿಗೆ ಆಕಾಶವಾಣಿಯ ಸಂಗೀತ ಸ್ಪರ್ಧೆಯೂ ಇದೆ. ಮಕ್ಕಳು ಕಲಿಯುತ್ತಿದ್ದರೆ ಅದರ ಪ್ರಕಟಣೆಗೆ ಕಿವಿ ಇಡಿ.

ಹೋಗುವ ಮುಂಚೆ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಫೋನಿನಲ್ಲಿ ಹಾಡು ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಶ್ರುತಿ ಎಲ್ಲಿ ಜಾರಿತು, ಸಾಹಿತ್ಯದ ಯಾವ ಪದ ನುಂಗಿಹೋಯಿತು ತಾನೇ ಗೊತ್ತಾಗುತ್ತದೆ. ಸ್ಟುಡಿಯೋದಲ್ಲಿ ಎಂಥ ಮೌನ ಅಂದರೆ ನಮ್ಮ ಉಸಿರೇ ನಮಗೆ ಕೇಳುತ್ತದೆ. ಸಭೆಯಲ್ಲಿ ಹಾಡಿ ರೂಢಿ ಇರುವವರಿಗೆ ಮೊದಲು ಗಾಬರಿಯಾಗುತ್ತದೆ. ಬೀರು ತುಂಬ ಬಟ್ಟೆ ಇರುವ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿ ನೋಡಿ, ಹೆಚ್ಚು ಕಡಿಮೆ ಅದೇ ಅನುಭವ.

ಜಾನಪದದವರು ನಾವೇನು ಅರ್ಜಿ ಬರೆಯೋದು ಅಂತ ಹಿಂದೆ ಸರಿಯುತ್ತಾರೆ. ಹಾಗೆ ಮಾಡಬೇಡಿ. ಸೋಬಾನೆ, ಬೀಸುವ ಪದ, ತತ್ವಪದ, ಮಂಟೇಸ್ವಾಮಿ ಪದ ಹಾಡುವವರು ಮಂಡ್ಯದಲ್ಲಿ ಇನ್ನೂ ಇದ್ದಾರೆ. ಊರಿನ ಓದಿದ ಹುಡುಗರು ಅವರ ಪರವಾಗಿ ಅರ್ಜಿ ತುಂಬಿಕೊಡಿ. ಬಸ್ಸಿನಲ್ಲಿ ಜೊತೆಗೆ ಕರೆದುಕೊಂಡು ಹೋಗಿ.

ಮಾತು, ಕವಿತೆ, ಉದ್ಘೋಷಣೆ

ಭಾಷಣ, ಕಥೆ, ಕವಿತೆ ಓದಬೇಕು ಅನ್ನುವವರು ಬರಹವನ್ನು ಮೊದಲೇ ಕಳಿಸಬೇಕು. 15ರಿಂದ 30 ವರ್ಷದೊಳಗಿನವರಿಗೆ ಯುವವಾಣಿ ವಿಭಾಗ. ಯಾರನ್ನೂ ಹಳಿಯುವುದು, ಜಾತಿ ಧರ್ಮವನ್ನು ಚುಚ್ಚುವುದು, ಅಂಗಡಿ ಕಂಪನಿಯ ಹೊಗಳಿಕೆ, ಪಕ್ಷದ ಪ್ರಚಾರ ಇವು ಬರಹದಲ್ಲಿ ಇರಕೂಡದು. ಎಷ್ಟು ನಿಮಿಷ ಅಂತ ಹೇಳುತ್ತಾರೋ ಅಷ್ಟಕ್ಕೇ ಬರೆಯಿರಿ. ಪುಟ ಎಣಿಸಬೇಡಿ, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದುವುದಕ್ಕೂ ಬಾಯಲ್ಲಿ ಓದುವುದಕ್ಕೂ ಬಹಳ ವ್ಯತ್ಯಾಸ.

ವಾಕ್ಯ ಚಿಕ್ಕದಿರಲಿ. ಕೇಳುವವರು ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಲಾರರು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ, ಪಿನ್ ಹೊಡೆಯಬೇಡಿ. ನಾನು ಮೊದಲ ಸಲ ಓದಲು ಹೋದಾಗ ಪಿನ್ ಹೊಡೆದ ಹಾಳೆ ಒಯ್ದಿದ್ದೆ. ಪುಟ ತಿರುಗಿಸಿದಾಗ ಸರ್ರ್ ಅಂತು. ಗಾಜಿನ ಆಚೆ ಕೂತಿದ್ದವರು ಕೈ ಎತ್ತಿ ನಿಲ್ಲಿಸಿದರು. ಒಳಗೆ ಬಂದು ಪಿನ್ ಬಿಡಿಸಿ, ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, "ಒಂದು ಮುಗಿದ ಮೇಲೆ ಮೆತ್ತಗೆ ಪಕ್ಕಕ್ಕೆ ಜಾರಿಸಿಬಿಡಮ್ಮ" ಅಂದರು. ಮತ್ತೆ ಕೆಂಪು ದೀಪ ಹತ್ತಿತು. ಮೈಕಿನಿಂದ ಒಂದು ಗೇಣು ದೂರ ಕೂತುಕೊಳ್ಳಿ. 'ಪ', 'ಫ' ಬಂದಾಗ ಉಸಿರು ನೇರ ಮೈಕಿಗೆ ಹೊಡೆಯದ ಹಾಗೆ ಮುಖ ತುಸು ಓರೆ ಇರಲಿ. ಕೈಬಳೆ ತೆಗೆದಿಡಿ.

ತಾತ್ಕಾಲಿಕ ಉದ್ಘೋಷಕರಾಗಬೇಕು ಅನ್ನುವವರಿಗೆ ಅರ್ಜಿ ಕರೆದಾಗ ಲಿಖಿತ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ ಇರುತ್ತದೆ. ನಮ್ಮ ಕಡೆಯವರು ಎರಡು ವಿಷಯಕ್ಕೆ ತಯಾರಾಗಬೇಕು. ಒಂದು, 'ಹ'. ನಮ್ಮ ಬಾಯಲ್ಲಿ ಹಳ್ಳಿ ಅಳ್ಳಿಯಾಗುತ್ತದೆ, ಹೋದ ಓದ ಆಗುತ್ತದೆ. ಇನ್ನೊಂದು, ಸ, ಶ, ಷ. ಊರ ಮಾತಿನಲ್ಲಿ ಅದು ತಪ್ಪೇನಲ್ಲ, ಅದರ ಚೆಂದವೇ ಬೇರೆ. ಆದರೆ ವಾರ್ತೆ, ಪ್ರಕಟಣೆ ಓದುವಾಗ ಬೀದರಿನವರಿಗೂ ಕಾಸರಗೋಡಿನವರಿಗೂ ಅರ್ಥವಾಗಬೇಕು. ದಿನಾ ಬೆಳಿಗ್ಗೆ ಪತ್ರಿಕೆಯ ಒಂದು ಪುಟ ಗಟ್ಟಿಯಾಗಿ ಓದಿ, ಮನೆಯಲ್ಲಿ ಒಬ್ಬರನ್ನು ತಪ್ಪು ಎಣಿಸಲು ಕೂರಿಸಿ. ಮೂರು ತಿಂಗಳು ಸಾಕು.

ಹಳೇ ಧ್ವನಿ ಉಳಿಸಿಕೊಳ್ಳುವುದು

ಅಜ್ಜನೋ ಅತ್ತೆಯೋ ಎಂದೋ ರೇಡಿಯೋದಲ್ಲಿ ಹಾಡಿದ್ದರು, ಆ ಧ್ವನಿ ಸಿಗುತ್ತದಾ ಅಂತ ಕೇಳುವವರು ಬಹಳ. ಮೊದಲು ಮನೆಯ ಟ್ರಂಕು ಹುಡುಕಿ. ಪ್ರಸಾರಕ್ಕೆ ಕರೆದ ಕರಾರು ಪತ್ರ ಸಿಕ್ಕರೆ ಅದರಲ್ಲಿ ತಾರೀಕು, ಕಾರ್ಯಕ್ರಮ ಎರಡೂ ಇರುತ್ತವೆ. ಅದರ ನಕಲು ಲಗತ್ತಿಸಿ ನಿಲಯಕ್ಕೆ ಬರೆಯಿರಿ. ತಾರೀಕಿಲ್ಲದೆ ಹುಡುಕಿಕೊಡಿ ಅಂದರೆ ಕಷ್ಟ. ಆ ಕಾಲದಲ್ಲಿ ಸ್ಪೂಲ್ ಟೇಪು ದುಬಾರಿ, ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡುತ್ತಿದ್ದರು. ಎಲ್ಲವೂ ಉಳಿದಿಲ್ಲ. ದೊಡ್ಡ ಕಲಾವಿದರದ್ದಾದರೆ ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲೂ ನೋಡಿ.

ಮನೆಯಲ್ಲೇ ರೇಡಿಯೋ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ ಇದ್ದರೆ ನೀವು ಪುಣ್ಯವಂತರು. ನಮ್ಮಲ್ಲಿ ಒಂದಿದೆ. ಅವ್ವ, ದೊಡ್ಡವ್ವ, ಇನ್ನೂ ನಾಲ್ಕು ಜನ ಹಾಡಿದ ಸೋಬಾನೆ. ಅವರಲ್ಲಿ ಮೂವರು ಈಗಿಲ್ಲ. ಅಂಥ ಕ್ಯಾಸೆಟ್ಟನ್ನು ತಕ್ಷಣ ಹಾಕಿ ಕೇಳಬೇಡಿ. ಮೊದಲು ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚಕ್ಕೆ ಮುರಿಯಿರಿ, ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಪ್ಲೇಯರ್‌ನ ಹೆಡ್ಡನ್ನು ಹತ್ತಿ, ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಡಿ. ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿಕೊಂಡ ಪದರ ಬಿಡುತ್ತದೆ. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರ್ ಹಾಕಿ, ಒಂದೇ ಸಲ ಪೂರ್ತಿ ಓಡಿಸಿ ರೆಕಾರ್ಡ್ ಮಾಡಿ. ಎರಡು ಕಡೆ ನಕಲು ಇಡಿ. ಹಾಡಿದವರ ಹೆಸರು, ಊರು, ಯಾವ ವರ್ಷ ಅನ್ನುವುದನ್ನು ಮನೆಯಲ್ಲಿ ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ನಾನು ಬರೆದುಕೊಳ್ಳುವಾಗ ಅವ್ವ ಪಕ್ಕದಲ್ಲೇ ಕೂತಿದ್ದಳು. ನಾಲ್ಕನೇ ಧ್ವನಿ ಬಂದಾಗ, "ತಡಿ, ಇದು ಕೆಂಪಿ ಕಣವ್ವ, ಇನ್ನೊಂದ್ಸಲ ಹಾಕು" ಅಂದಳು.